ತುಟಿ ಮರಗಟ್ಟಿದರೂ ದವಡೆಗೆ ತನ್ನ ಜಾಗ ಗೊತ್ತಿರುವುದು ಹೇಗೆ?

ಪ್ರಶ್ನೆ (ದಂತವೈದ್ಯಕೀಯ ಓದುವ ಬಿಡಿಎಸ್ ವಿದ್ಯಾರ್ಥಿ, ಬಾಗಲಕೋಟೆ): ಡಾಕ್ಟರ್ರ, ನಮಸ್ಕಾರ ರೀ. ಸಂವೇದನೆಯ ನರಕೋಶ ಅಂದ್ರ ಮೆದುಳಿನ ಹೊರಗ, ನರಕೋಶಗಳ ಗಂಟಾದ ಗ್ಯಾಂಗ್ಲಿಯಾನ್‌ದಾಗ ಇರ್ತಾವು ಅಂತ ಕಲಿತೀವಿ. ಅಗಿಯೋ ಸ್ನಾಯುಗಳದ್ದು ಮಾತ್ರ ಮೆದುಳುಕಾಂಡದ ಒಳಗ ಅದಾವಂತ. ರೋಗಿ ಮುಂದ ಕುಂತಾಗ ಇದರಿಂದ ಏನ್ ಫರಕ್ ಆಗತೈತಿ?

ಉತ್ತರ (ನರರೋಗ ವೈದ್ಯರು, ಬೆಳಗಾವಿ): ಫರಕ್ ಭಾಳ ಐತಿ ತಮ್ಮಾ. ಮೆದುಳುಕಾಂಡದ ಮೇಲಿನ ತುಂಡಾದ ಮಿಡ್‌ಬ್ರೇನಿನ ಮೇಲ್ಭಾಗದಿಂದ ಅದರ ಕೆಳಗಿನ ಪಾನ್ಸ್‌ವರೆಗೆ, ಅಕ್ವಿಡಕ್ಟ್ (ದ್ರವ ಹರಿಯುವ ಸಣ್ಣ ಕಾಲುವೆ) ಸುತ್ತಲಿನ ಬೂದು ಭಾಗದ ಅಂಚಿನಲ್ಲಿ, ದಾರದಷ್ಟು ತೆಳ್ಳಗಿನ ಕೋಶಗಳ ಸಾಲೊಂದಿದೆ. ಅದೇ ಮುಖದ ಸಂವೇದನೆ ಮತ್ತು ಅಗಿಯುವುದನ್ನು ನೋಡಿಕೊಳ್ಳುವ ಟ್ರೈಜೆಮಿನಲ್ ನರದ ಮೆಸೆನ್ಸೆಫಾಲಿಕ್ ನ್ಯೂಕ್ಲಿಯಸ್. ಹೆಸರು ನ್ಯೂಕ್ಲಿಯಸ್ ಆದರೂ ಒಳಗಿರುವುದು ಗ್ಯಾಂಗ್ಲಿಯಾನಿನಲ್ಲಿರಬೇಕಿದ್ದ ದುಂಡನೆಯ ಕೋಶಗಳು. ಇವುಗಳ ಎಳೆಗಳು ಮ್ಯಾಸೆಟರ್, ಟೆಂಪೊರಾಲಿಸ್, ಮೀಡಿಯಲ್ ಟೆರಿಗಾಯ್ಡ್ ಎಂಬ ಬಾಯಿ ಮುಚ್ಚುವ ಸ್ನಾಯುಗಳ ಸ್ಪಿಂಡಲ್‌ಗಳಿಗೂ (ಎಳೆತ ಅಳೆಯುವ ಎಳೆಗಳು), ಹಲ್ಲಿನ ಬೇರು ಹಿಡಿದಿರುವ ಲಿಗಮೆಂಟಿಗೂ ಹೋಗುತ್ತವೆ. ಇನ್ನೊಂದು ಕವಲು ಪಾನ್ಸ್‌ನಲ್ಲಿ ಸ್ನಾಯು ಕುಗ್ಗಿಸುವ ಮೋಟಾರ್ ನ್ಯೂಕ್ಲಿಯಸ್‌ಗೆ ನೇರವಾಗಿ ಕೂಡುತ್ತದೆ, ನಡುವೆ ಬೇರೆ ಕೋಶವಿಲ್ಲ. ಗದ್ದ ತಟ್ಟಿದಾಗ ದವಡೆ ತಾನಾಗಿ ಮುಚ್ಚುವ ‘ಜಾ ಜರ್ಕ್’ ರಿಫ್ಲೆಕ್ಸ್ ಇದೇ ಹಾದಿಯದು.

ಈಗ ನಿಮ್ಮ ಕುರ್ಚಿಗೆ ಬನ್ನಿ. ಕೆಳದವಡೆಗೆ ಬ್ಲಾಕ್ (ನರ ಮರಗಟ್ಟಿಸುವ ಚುಚ್ಚುಮದ್ದು) ಕೊಟ್ಟಾಗ ಮರಗಟ್ಟುವುದು ಕೆಳಹಲ್ಲು, ಕೆಳತುಟಿಯ ಇನ್ಫೀರಿಯರ್ ಆಲ್ವಿಯೋಲಾರ್ ನರ, ಜೊತೆಗೆ ನಾಲಿಗೆಯ ನರ. ಮ್ಯಾಸೆಟರ್‌ಗೆ ಹೋಗುವ ಕವಲು ಅದಕ್ಕಿಂತ ಮೇಲೆಯೇ ಒಡೆದಿರುತ್ತದೆ. ಹಾಗಾಗಿ ಬಾಯಿ ಎಷ್ಟು ತೆರೆದಿದೆ ಎಂಬುದು ರೋಗಿಗೆ ಗೊತ್ತಾಗುತ್ತದೆ. ಆದರೆ ಆ ಕಡೆಯ ಹಲ್ಲಿನ ಒತ್ತಡವಾಗಲಿ, ತುಟಿ ಹಲ್ಲಿನ ನಡುವೆ ಸಿಕ್ಕಿದ್ದಾಗಲಿ ತಿಳಿಯುವುದಿಲ್ಲ. ಅಡ್ರಿನಲಿನ್ ಬೆರೆತ ಲಿಡೊಕೇನ್ ಆದರೆ ತುಟಿ 3ರಿಂದ 5 ತಾಸು ಜೋಮು ಹಿಡಿದಿರುತ್ತದೆ. ಅಲ್ಲಿಯವರೆಗೆ ಖಡಕ್ ರೊಟ್ಟಿ, ಕರದಂಟು ಬೇಡವೆಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಚೀಟಿಯ ಮೇಲೂ ಬರೆಯಿರಿ. ಮಕ್ಕಳಂತೂ ತುಟಿಯನ್ನೇ ಅಗಿದು ಗಾಯ ಮಾಡಿಕೊಳ್ಳುತ್ತಾರೆ.

ಪ್ರಶ್ನೆ (ಅದೇ ವಿದ್ಯಾರ್ಥಿ): ರೊಟ್ಟಿಯೊಳಗ ಹರಳು ಸಿಕ್ಕಾಗ ದವಡಿ ತಟ್ಟನ ನಿಲ್ಲತೈತಲ್ರೀ, ಅದೂ ಜಾ ಜರ್ಕ್ ಏನ್ರೀ?

ಉತ್ತರ: ಅಲ್ಲ, ಅದು ಪೂರ್ತಿ ಉಲ್ಟಾ. ಜಾ ಜರ್ಕ್‌ನಲ್ಲಿ ಸ್ನಾಯು ಎಳೆತಕ್ಕೆ ಕುಗ್ಗುತ್ತದೆ, ಹರಳು ಸಿಕ್ಕಾಗ ಬಾಯಿ ಮುಚ್ಚುವ ಸ್ನಾಯು ಸುಮ್ಮನಾಗುತ್ತದೆ. ಗದ್ದದ ಬಳಿಯ ನರವನ್ನು ವಿದ್ಯುತ್ತಿನಿಂದ ಕೆಣಕಿ ಮ್ಯಾಸೆಟರ್‌ನ ಇಎಂಜಿ (ಸ್ನಾಯುವಿನ ವಿದ್ಯುತ್ ಚಟುವಟಿಕೆಯ ದಾಖಲೆ) ತೆಗೆದರೆ ಈ ಮೌನ ಎರಡು ಸಲ ಕಾಣುತ್ತದೆ: ಸುಮಾರು 10-15 ಮಿಲಿಸೆಕೆಂಡಿಗೆ ಒಂದು, 40-50ಕ್ಕೆ ಇನ್ನೊಂದು. ಈ ಹಾದಿಯಲ್ಲಿ ತಡೆಯುವ ನಡುಕೋಶಗಳಿವೆ. ಪರೀಕ್ಷೆಯಲ್ಲಿ ಎರಡನ್ನೂ ಒಂದೇ ಚಿತ್ರದಲ್ಲಿ ಬರೆದು ಅಂಕ ಕಳೆದುಕೊಳ್ಳಬೇಡಿ.

ಪ್ರಶ್ನೆ (ಫಿಸಿಯೊಥೆರಪಿಸ್ಟ್, ವಿಜಯಪುರ): ಮೇಡಂ ಅಥವಾ ಸರ್, ಜಾ ಜರ್ಕ್ ತೆಗೆಯುವ ಸರಿಯಾದ ರೀತಿ ಹೇಳಿ. ನನಗೆ ಹೆಚ್ಚಿನವರಲ್ಲಿ ಏನೂ ಬರುವುದಿಲ್ಲ.

ಉತ್ತರ: ಬರದಿದ್ದರೆ ನಿಮ್ಮ ತಪ್ಪೆಂದು ತಿಳಿಯಬೇಡಿ. ಆರೋಗ್ಯವಂತರಲ್ಲಿ ಇದು ಅಲ್ಪವಾಗಿ ಇರಬಹುದು, ಇಲ್ಲದೆಯೂ ಇರಬಹುದು. ಬಾಯಿ ಅರ್ಧಕ್ಕಿಂತ ಕಡಿಮೆ ತೆರೆದು ಸಡಿಲ ಬಿಡಲು ಹೇಳಿ, ತೋರುಬೆರಳನ್ನು ಗದ್ದದ ಮೇಲೆ ಅಡ್ಡ ಇಟ್ಟು, ಸುತ್ತಿಗೆಯಿಂದ ಆ ಬೆರಳಿನ ಮೇಲೆ ಕೆಳಮುಖವಾಗಿ ಹಗುರ ತಟ್ಟಿ. ಹೆಚ್ಚಾಗಿ ಕೆಡುವುದು ಎರಡು ಕಡೆ: ರೋಗಿ ಹಲ್ಲು ಕಚ್ಚಿರುತ್ತಾನೆ, ಇಲ್ಲವೇ ನೀವು ಗದ್ದವನ್ನು ಹಿಂದಕ್ಕೆ ದೂಡುತ್ತೀರಿ. ಎಳೆತ ಕೆಳಗೆ ಬೀಳಬೇಕು.

ದವಡೆ ರಪ್ಪನೆ ಮುಚ್ಚಿದರೆ, ಪಾನ್ಸ್‌ಗಿಂತ ಮೇಲೆ ಎರಡೂ ಕಡೆಯ ಕಾರ್ಟಿಕೋಬಲ್ಬಾರ್ ಹಾದಿ (ಮೆದುಳಿನಿಂದ ಮೆದುಳುಕಾಂಡಕ್ಕೆ ಆಜ್ಞೆ ತರುವ ಎಳೆಗಳು) ಕೆಟ್ಟಿರಬಹುದು, ಮಾತು ನುಂಗುವಿಕೆ ಕೆಡಿಸುವ ಸೂಡೊಬಲ್ಬಾರ್ ಪಾಲ್ಸಿ ಮತ್ತು ಸ್ನಾಯುಗಳನ್ನು ಆಳುವ ನರಕೋಶಗಳು ಸಾಯುವ ಎಎಲ್‌ಎಸ್‌ ಕಾಯಿಲೆಯಲ್ಲಿ ಆಗುವ ಹಾಗೆ. ಕೈಕಾಲಿನ ರಿಫ್ಲೆಕ್ಸ್ ಚುರುಕಾಗಿದ್ದು ದವಡೆಯದು ಸಹಜವಿದ್ದರೆ ದೋಷ ಪಾನ್ಸ್‌ಗಿಂತ ಕೆಳಗಿರುವ ಸಾಧ್ಯತೆಯೇ ಹೆಚ್ಚು, ಕುತ್ತಿಗೆಯ ಬೆನ್ನುಹುರಿಯನ್ನು ಮೊದಲು ನೋಡಿ. ದೇಹದ ರಕ್ಷಣಾ ವ್ಯವಸ್ಥೆ ತನ್ನನ್ನೇ ಕೆಡಿಸುವ ಷೋಗ್ರೆನ್ ಕಾಯಿಲೆಯಂಥದ್ದರಲ್ಲಿ ಗ್ಯಾಂಗ್ಲಿಯಾನ್ ಹಾಳಾಗಿ ಮುಖ ಮರಗಟ್ಟಿ, ಕಣ್ಣು ಮಿಟುಕಿಸುವ ರಿಫ್ಲೆಕ್ಸ್ ಹೋದರೂ ಜಾ ಜರ್ಕ್ ಉಳಿಯಬಹುದು. ಕೋಶದ ಮನೆ ಬೇರೆ ಕಡೆ ಇರುವುದರ ಅರ್ಥ ಇಲ್ಲಿ ಕಣ್ಣಿಗೇ ಕಾಣುತ್ತದೆ.

ಪ್ರಶ್ನೆ (ದಂತವೈದ್ಯರು, ಜಮಖಂಡಿ): ಇಂಪ್ಲಾಂಟ್ (ದವಡೆಯ ಮೂಳೆಗೆ ಕೂರಿಸುವ ಕೃತಕ ಹಲ್ಲಿನ ಬೇರು) ಹಾಕಿಸಿಕೊಂಡವರು ಎಷ್ಟು ಜೋರಾಗಿ ಕಚ್ಚುತ್ತಿದ್ದೇವೆ ಗೊತ್ತಾಗಲ್ಲ ಅಂತಾರೆ.

ಉತ್ತರ (ಕೃತಕ ಹಲ್ಲು ಕೂರಿಸುವ ಪ್ರೊಸ್ಥೊಡಾಂಟಿಸ್ಟ್, ಬೆಳಗಾವಿ): ಇಂಪ್ಲಾಂಟ್ ಸುತ್ತ ಲಿಗಮೆಂಟೇ ಇಲ್ಲವಲ್ಲ ಸರ್. ಸಹಜ ಹಲ್ಲುಗಳ ನಡುವೆ ಸುಮಾರು 20 ಮೈಕ್ರಾನ್ ದಪ್ಪದ ಹಾಳೆಯೂ ತಿಳಿಯುತ್ತದೆ, ಇಂಪ್ಲಾಂಟ್ ಎದುರು ಸಹಜ ಹಲ್ಲಿದ್ದರೆ ಅದು ಸುಮಾರು 50ಕ್ಕೆ ಏರುತ್ತದೆ. ಸ್ನಾಯು ಮತ್ತು ಕೀಲಿನ ಸುಳಿವಷ್ಟೇ ಉಳಿಯುವುದರಿಂದ ಎತ್ತರವಾದ ಕ್ರೌನನ್ನು (ಮೇಲೆ ಕೂರಿಸುವ ಹಲ್ಲಿನ ಟೋಪಿ) ರೋಗಿ ಹೇಳುವುದಿಲ್ಲ, ಸ್ಕ್ರೂ ಸಡಿಲವಾದ ಮೇಲೆ ನಮಗೆ ತಿಳಿಯುತ್ತದೆ. ‘ಹೆಂಗ್ ಅನಸ್ತೈತಿ?’ ಎಂದು ಕೇಳಿ ಬಿಡಬೇಡಿ. ಹಲ್ಲುಗಳ ನಡುವೆ 8 ಮೈಕ್ರಾನ್ ಶಿಮ್ ಹಾಳೆ (ಕಚ್ಚುವಿಕೆ ಪರೀಕ್ಷಿಸುವ ತೆಳು ಪಟ್ಟಿ) ಇಡಿ: ಹಗುರ ಕಚ್ಚಿದಾಗ ಇಂಪ್ಲಾಂಟ್ ಮೇಲೆ ಜಾರಬೇಕು, ಪಕ್ಕದ ಹಲ್ಲು ಹಿಡಿಯಬೇಕು. ಗಟ್ಟಿ ಕಚ್ಚಿದಾಗ ಎರಡೂ ಹಿಡಿಯಬೇಕು.