ಹಬ್ಬ ಮುಗೀಲಿ ಆಮೇಲೆ ಅನ್ನಬೇಡ ಪುಟ್ಟಿ

ಪುಟ್ಟೀ, ಬೆಳಗ್ಗೆ ನೀನು ಗ್ರೂಪಲ್ಲಿ ಹಾಕಿದ್ದು ಈಗ ನೋಡಿದೆ. "ಹಬ್ಬಕ್ಕೆ ಎಂಟೇ ದಿನ ಇದೆ, ಹನ್ನೆರಡು ಜನ ಬಂದು ಉಳ್ಕೋತಾರೆ, ರಾತ್ರಿ ನಿದ್ದೆ ಹತ್ತಲ್ಲ, ಎದೆ ಢವಢವ ಅನ್ನತ್ತೆ, ಗಡಿಬಿಡೀಲಿ ಬಿಪಿ ಮಾತ್ರೆ ಎರಡು ದಿನ ತಪ್ಪಿಹೋಯ್ತು, ಏನು ಮಾಡ್ಲಿ" ಅಂತ ಕೇಳಿದೀಯ. ಮಧ್ಯಾಹ್ನ ಆದರೂ ಯಾರೂ ಉತ್ತರ ಕೊಟ್ಟಿಲ್ಲ ಅಂತ ನೋಡಿ ಹೊಟ್ಟೇಲಿ ಸಂಕಟ ಆಯ್ತು. ಟೈಪ್ ಮಾಡೋಕೆ ನನಗೆ ಕಣ್ಣು ಸಾಲಲ್ಲ, ಮಾತಲ್ಲೇ ಹೇಳ್ತೀನಿ. ಉದ್ದ ಆಗತ್ತೆ, ಪೂರ್ತಿ ಕೇಳು.

ನಮ್ಮನೆ ಹಬ್ಬ ಹೇಗಿರ್ತಿತ್ತು ಅಂತ ನಿನಗೇನು ಹೊಸದಾಗಿ ಹೇಳಬೇಕಾ? ನಿಮ್ಮ ದೊಡ್ಡಪ್ಪ ಇರೋವರೆಗೂ ಎಲ್ಲರೂ ನಮ್ಮಲ್ಲಿಗೇ ಬರೋದು. ಆ ವರ್ಷ, ನಿಮ್ಮಣ್ಣನಿಗೆ ಮದುವೆ ಆದ ಮಾರನೇ ವರ್ಷ, ನಮ್ಮ ಮಲಗೋ ಕೋಣೆಯನ್ನ ಬಂದವರಿಗೆ ಬಿಟ್ಟುಕೊಟ್ಟು ನಾವಿಬ್ಬರೂ ಹಾಲಲ್ಲಿ ಹಾಸಿಕೊಂಡ್ವಿ. ನನ್ನ ಬಿಪಿ ಮಾತ್ರೆ ಆ ಕೋಣೆ ಬೀರೂಲೇ ಉಳೀತು. ಬೆಳಗ್ಗೆ ಐದಕ್ಕೆ ನಾನು ಏಳೋ ಹೊತ್ತಿಗೆ ಅವರು ಮಲಗಿರೋರು, ಬಾಗಿಲು ತಟ್ಟಿ ಎಬ್ಬಿಸೋಕೆ ಸಂಕೋಚ. ಅವರು ಏಳೋ ಹೊತ್ತಿಗೆ ನಾನು ಒಲೆ ಮುಂದೆ. ಆಮೇಲೆ ತಗೊಂಡ್ರಾಯ್ತು ಅಂದ್ಕೊಂಡು ಒಂದು ದಿನ ಹೋಯ್ತು, ಹಾಗೇ ನಾಲ್ಕು ದಿನ ಹೋಯ್ತು. ರಾತ್ರಿ ನಿದ್ದೆ ನಾಲ್ಕು ಗಂಟೇನೂ ಇಲ್ಲ. ಮೂರನೇ ದಿನಕ್ಕೇ ತಲೆ ಸಿಡೀತಿತ್ತು, ಎದೆ ನಿನ್ನ ಹಾಗೇ ಹೊಡ್ಕೋತಿತ್ತು. ಹಬ್ಬ ಮುಗೀಲಿ, ಆಮೇಲೆ ಡಾಕ್ಟರಿಗೆ ತೋರಿಸ್ತೀನಿ ಅಂತ ಸುಮ್ಮನಾದೆ. ಆ ಮಾತು ಮಾತ್ರ ನೀನು ಅನ್ನಬೇಡ ಪುಟ್ಟಿ. ಹಬ್ಬ ಮುಗೀಲಿ ಆಮೇಲೆ ಅನ್ನಬೇಡ.

ಹಬ್ಬದ ದಿನ ರಾತ್ರಿ ಹತ್ತರ ಹೊತ್ತು. ಎಲ್ಲರ ಊಟ ಆಗಿತ್ತು, ಪಾತ್ರೆ ಬಳೀತಾ ನಿಂತಿದ್ದೆ. ದವಡೆಯಿಂದ ಬೆನ್ನಿಗೆ ಏನೋ ಹಿಡಿದು ಎಳೆದ ಹಾಗಾಯ್ತು, ಉಸಿರು ಸಾಲಲಿಲ್ಲ, ಕಣ್ಣು ಕತ್ತಲೆ. ಗ್ಯಾಸ್ ಅಂದ್ಕೊಂಡೆ. ಹೆಂಗಸರಿಗೆ ಎದೆನೋವು ಎದ್ದು ಕಾಣದೆ ಹೀಗೇ ದವಡೆ, ಬೆನ್ನು, ವಾಕರಿಕೆ, ವಿಪರೀತ ಸುಸ್ತು ಅಂತಾನೂ ಬರಬಹುದು ಅಂತ ಆಗ ಯಾರು ಹೇಳಿದ್ರು ನನಗೆ? ನಿಮ್ಮ ದೊಡ್ಡಪ್ಪ ಮಾತೇ ಆಡದೆ ಕಾರು ತೆಗೆದ್ರು. ಆಸ್ಪತ್ರೇಲಿ ನೋಡಿದ್ರೆ ಬಿಪಿ 210/116. ನಾನು ತಗೋತಿದ್ದ ಬಿಪಿ ಮಾತ್ರೆ ಅಟೆನೊಲಾಲ್ ಅಂತ. ಡಾಕ್ಟರು ಬೈದ್ರು, ಈ ಜಾತಿ ಮಾತ್ರೆ ಹೃದಯದ ಓಟಕ್ಕೆ ಲಗಾಮು ಇದ್ದ ಹಾಗಮ್ಮ, ಥಟ್ಟನೆ ಬಿಟ್ಟರೆ ಕುದುರೆ ಮೊದಲಿಗಿಂತ ಜೋರಾಗಿ ಓಡತ್ತೆ, ಜತೆಗೆ ನಿದ್ದೇನೂ ಇಲ್ಲ ಅಂದ್ರೆ ಹೇಗೆ ತಡ್ಕೊಳ್ಳತ್ತೆ ಅಂದ್ರು. ಮೂರು ದಿನ ಇಟ್ಕೊಂಡ್ರು.

ನಾನೊಬ್ಬಳೇ ಅಲ್ಲ. ಮೊಮ್ಮಗಳು ಓದಿ ಹೇಳಿದಳು, ಸ್ವೀಡನ್ ದೇಶದಲ್ಲಿ 1998ರಿಂದ 2013ರವರೆಗಿನ ಹೃದಯಾಘಾತಗಳನ್ನೆಲ್ಲ ಲೆಕ್ಕ ಹಾಕಿ 2018ರಲ್ಲಿ ಪ್ರಕಟಿಸಿದಾರಂತೆ. ಅವರ ದೊಡ್ಡ ಹಬ್ಬ ಕ್ರಿಸ್‌ಮಸ್. ಅದರ ಹಿಂದಿನ ದಿನ ಹೃದಯಾಘಾತ ಮಾಮೂಲಿ ದಿನಕ್ಕಿಂತ 37 ಪರ್ಸೆಂಟ್ ಜಾಸ್ತಿ, ಅದೂ ರಾತ್ರಿ ಹತ್ತರ ಸುಮಾರಿಗೇ. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೂ ಹೆಚ್ಚು. ರಾತ್ರಿ ಹತ್ತು ಅಂದಾಗ ನನಗೆ ಮೈ ಜುಮ್ ಅಂತು. ಅದಕ್ಕೇ ಮತ್ತೆ ಹೇಳ್ತೀನಿ, ಹಬ್ಬ ಮುಗೀಲಿ ಆಮೇಲೆ ನೋಡೋಣ ಅನ್ನಬೇಡ. ಮೈಗೆ ಹಬ್ಬ ಯಾವತ್ತು ಅಂತ ಗೊತ್ತಿರಲ್ಲ.

ಇನ್ನೊಂದು ಮಾತು, ಇಷ್ಟು ವರ್ಷ ಆಡಿರಲಿಲ್ಲ. ನಾನು ಆಸ್ಪತ್ರೇಲಿದ್ದ ಮೂರು ದಿನ, ಮನೆ ತುಂಬ ಇದ್ದ ಜನದಲ್ಲಿ ನೋಡೋಕೆ ಬಂದವರು ಇಬ್ಬರು. ಒಬ್ಬಳು ನಿಮ್ಮಮ್ಮ. ರಾತ್ರಿಯೆಲ್ಲ ಪಕ್ಕದ ಸ್ಟೂಲ್ ಮೇಲೆ ಕೂತಿದ್ದಳು, ಅದನ್ನ ನಾನು ಸಾಯೋವರೆಗೂ ಮರೆಯಲ್ಲ. ಉಳಿದವರು ಮಾರನೇ ದಿನ ಊಟ ಯಾರು ಮಾಡ್ತಾರೆ ಅಂತ ಮಾತಾಡಿಕೊಂಡು ಹೊರಟುಹೋದ್ರು. ಆಮೇಲೆ ಒಂದು ಮದುವೇಲಿ, ನಾನು ಕಂಬದ ಹಿಂದೆ ಕೂತಿದ್ದು ಗೊತ್ತಿಲ್ಲದೆ, "ಕೆಲಸ ತಪ್ಪಿಸಿಕೊಳ್ಳೋಕೆ ಮಲಗಿಬಿಟ್ಟಳು" ಅಂದ್ರು. ಇಪ್ಪತ್ತೆರಡು ವರ್ಷ ಬಡಿಸಿದ ಕೈ ಇದು. ಒಂದು ವರ್ಷ ಮಲಗಿದ್ದಕ್ಕೆ ಆ ಮಾತು. ಅವರೂ ಈ ಗ್ರೂಪಲ್ಲಿದಾರೆ, ಕೇಳಿಸ್ಕೊಳ್ಳಲಿ. ಜಗಳಕ್ಕಲ್ಲ ನಾನು ಹೇಳ್ತಿರೋದು, ಈ ಹುಡುಗಿಗೂ ಹಾಗಾಗಬಾರದು ಅಂತ.

ಅಯ್ಯೋ, ನೀನು ಕೇಳಿದ್ದು ಏನು ಮಾಡ್ಲಿ ಅಂತ ಅಲ್ವಾ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಎರಡು ದಿನ ತಪ್ಪಿದೆ ಅಂತ ಹೇಳು. ತಪ್ಪಿದ್ದನ್ನೆಲ್ಲ ಸೇರಿಸಿ ಒಟ್ಟಿಗೆ ನುಂಗಬೇಡ ಮತ್ತೆ. ಐದು ನಿಮಿಷ ಕುರ್ಚಿಗೆ ಬೆನ್ನು ಆನಿಸಿಕೊಂಡು, ಪಾದ ನೆಲಕ್ಕಿಟ್ಟು ಸುಮ್ಮನೆ ಕೂತು ಬಿಪಿ ನೋಡು, ಒಂದು ನಿಮಿಷ ಬಿಟ್ಟು ಇನ್ನೊಂದು ಸಲ ನೋಡು. ಮೇಲಿನದು 180 ದಾಟಿದ್ರೆ, ಇಲ್ಲ ಕೆಳಗಿನದು 120 ದಾಟಿದ್ರೆ ಮತ್ತೆ ಫೋನ್ ಮಾಡೋಕೆ ತಡ ಮಾಡಬೇಡ. ಜತೆಗೆ ಎದೆನೋವು, ಉಸಿರುಕಟ್ಟು, ಮಾತು ತೊದಲೋದು, ಕೈ ಸೋಲೋದು ಏನಾದ್ರೂ ಇದ್ರೆ ಯಾರನ್ನೂ ಕೇಳದೆ ಆಸ್ಪತ್ರೆಗೆ ಹೋಗು, ಬಿಪಿ ಎಷ್ಟೇ ಇರಲಿ. ರಾತ್ರಿ ಮಲಗಿದಾಗ ನಾಲ್ಕು ಎಣಿಸ್ತಾ ಉಸಿರು ತಗೋ, ಆರು ಎಣಿಸ್ತಾ ಬಿಡು, ಒಂದು ಹತ್ತು ನಿಮಿಷ. ಬಿಡೋದು ಉದ್ದ ಇದ್ರೆ ಬಡಿತ ನಿಧಾನ ಆಗತ್ತೆ. ಮಧ್ಯಾಹ್ನದ ಮೇಲೆ ಕಾಫಿ ಟೀ ಬೇಡ.

ಕೆಲಸದ ಪಟ್ಟಿ ಬರೆದು ಇಲ್ಲೇ ಹಾಕು. ಬರೋ ಹನ್ನೆರಡು ಜನಾನೂ ಅವರವರ ಹೆಸರು ಬರ್ಕೊಳ್ಳಲಿ. ಯಾರೂ ಬರ್ಕೊಳ್ಳದ ಕೆಲಸ ಈ ಸಲ ಆಗೋದೇ ಬೇಡ, ಬಿಟ್ಟುಬಿಡು. ಕೋಣೆ ಬಿಟ್ಟುಕೊಡೋ ಮುಂಚೆ ಮಾತ್ರೆ ಡಬ್ಬಿ ಹೊರಗೆ ತೆಗೆದು ನಿನ್ನ ಕೈಗೆ ಸಿಗೋ ಕಡೆ ಇಟ್ಕೋ. ಬಿಪಿ ಎಷ್ಟು ಬಂತು ಅಂತ ಸಂಜೆ ಒಳಗೆ ತಿಳಿಸು, ಫೋನ್ ಪಕ್ಕದಲ್ಲೇ ಇಟ್ಕೊಂಡು ಕೂತಿರ್ತೀನಿ.