ಮನೆಯ ಹಳೇ ಮರದ ಮಂಚದಲ್ಲಿ ಮಗುವನ್ನು ಮಲಗಿಸಬಹುದಾ?

ಪ್ರಶ್ನೆ:
ಸುತ್ತ ಕಂಬಿ ಇರುವ ಮಗುವಿನ ಮಂಚ, ನಮ್ಮವರ ಅಜ್ಜನ ಕಾಲದ್ದು. ಮಾವ ಮಲಗಿದ್ದು ಇದರಲ್ಲೇ, ಆಮೇಲೆ ನಮ್ಮವರು, ನಾದಿನಿ. ಬಿಳಿ ಬಣ್ಣ ಅಲ್ಲಲ್ಲಿ ಎದ್ದಿದೆ, ಕೆಳಗೆ ಹಸಿರು ಕಾಣುತ್ತದೆ. ಮೇಲಿನ ಪಟ್ಟಿಯಲ್ಲಿ ಹಲ್ಲಿನ ಗುರುತುಗಳಿವೆ, ಯಾವುದು ಯಾರದು ಅಂತ ಅತ್ತೆ ಈಗಲೂ ತೋರಿಸುತ್ತಾರೆ. ಕೊಂಡಿ ತೆಗೆದರೆ ಒಂದು ಪಕ್ಕ ಕೆಳಗೆ ಜಾರುತ್ತದೆ. ನನಗೀಗ ಏಳು ತಿಂಗಳು. ಉಜ್ಜಿ ಹೊಸ ಬಣ್ಣ ಹೊಡೆದರೆ ಸಾಕಾ? ಬೇಡ ಅಂದರೆ ಅತ್ತೆಗೆ ಬೇಜಾರಾಗುತ್ತದೆ.

ಉತ್ತರ 1:
ನಾವೆಲ್ಲ ಅಂಥದ್ದರಲ್ಲೇ ಬೆಳೆದವರು, ಏನೂ ಆಗಿಲ್ಲ. ಹಳೇ ಮರ ಗಟ್ಟಿ. ಬಣ್ಣ ಹೊಡೆಸಿ, ಮಲಗಿಸಿ.

ಉತ್ತರ 2:
ನಾನು ಹಳೇ ಮರದ ಸಾಮಾನು ರಿಪೇರಿ ಮಾಡುವವನು. ಅಕ್ಕ, ದಯವಿಟ್ಟು ಉಜ್ಜಬೇಡಿ. ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಅಮೆರಿಕದಲ್ಲಿ ಮನೆಬಳಕೆಯ ಬಣ್ಣಕ್ಕೆ ಸೀಸ ಬೆರೆಸುವುದು ನಿಂತಿದ್ದೇ 1978ರಲ್ಲಿ. ಉಜ್ಜಿದರೆ ಅದು ಧೂಳಾಗಿ ನಿಮ್ಮ ಮೈ ಸೇರುತ್ತದೆ, ನಿಮ್ಮಿಂದ ಹೊಟ್ಟೆಯಲ್ಲಿರುವ ಮಗುವಿಗೂ ಹೋಗುತ್ತದೆ. ಹಲ್ಲಿನ ಗುರುತು ಅಂದಿರಲ್ಲ, ನನಗೆ ಹೆದರಿಕೆ ಆಗಿದ್ದು ಅಲ್ಲೇ. ಹಲ್ಲು ಬರುವಾಗ ಎಲ್ಲ ಮಕ್ಕಳೂ ಆ ಪಟ್ಟಿಯನ್ನೇ ಕಚ್ಚುತ್ತವೆ. ಸೀಸ ಮಿದುಳಿಗೆ ಮಾಡುವ ಹಾನಿ ಹೊರಗೆ ಕಾಣುವುದಿಲ್ಲ, ಹಾಗಾಗಿ "ಏನೂ ಆಗಿಲ್ಲ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಬಣ್ಣ ಸರಿಹೋದರೂ ಕಂಬಿಗಳ ನಡುವಿನ ಜಾಗ ಅಳೆಯಿರಿ. 6 ಸೆಂ.ಮೀ.ಗಿಂತ ಜಾಸ್ತಿ ಇರಬಾರದು. ಇದ್ದರೆ ಮಗುವಿನ ಕಾಲು, ಮೈ ಆಚೆ ಜಾರಿ ತಲೆ ಮಾತ್ರ ಸಿಕ್ಕಿಕೊಳ್ಳುತ್ತದೆ. ಆ ಸಂದಿಗೆ ದಿಂಬು, ಬಟ್ಟೆ ತುರುಕುವುದೂ ಬೇಡ, ಉಸಿರು ಕಟ್ಟುತ್ತದೆ. ಜಾರುವ ಪಕ್ಕ ಇರುವ ಮಂಚಗಳ ಮಾರಾಟವನ್ನು ಅಮೆರಿಕ 2011ರಲ್ಲಿ ನಿಲ್ಲಿಸಿತು. ಕೊಂಡಿ ಸಡಿಲವಾದರೆ ಪಕ್ಕ ವಾಲುತ್ತದೆ, ಆ ಸಂದಿನಲ್ಲಿ ಸಿಕ್ಕಿ ಮಕ್ಕಳು ಸತ್ತಿದ್ದಾರೆ. ಹಾಸಿಗೆಗೂ ಚೌಕಟ್ಟಿಗೂ ನಡುವೆ ಎರಡು ಬೆರಳು ಹೋದರೆ ಅದೂ ಅಪಾಯ.

ಉತ್ತರ 3:
ಅಳೆಯುವಾಗ ಅತ್ತೆಯವರನ್ನೂ ಕರೆಯಿರಿ. ನೀವು ಬೇಡ ಅಂದರೆ ಅವರ ಮಂಚ ಬೇಡ ಅಂದ ಹಾಗೆ ಕೇಳಿಸುತ್ತದೆ. ಟೇಪು ಅವರ ಕೈಯಲ್ಲೇ ಇರಲಿ.

ಪ್ರಶ್ನೆ ಕೇಳಿದವರು:
ಇಬ್ಬರೂ ಕೂತು ಅಳೆದೆವು. ಒಂದೊಂದು ಕಡೆ 8 ಸೆಂ.ಮೀ. ದಾಟಿತು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಹೊಸದು ತರೋಣ, ಇದನ್ನ ಮಾತ್ರ ಯಾರಿಗೂ ಕೊಡಬೇಡ" ಅಂದರು. ಮಗುವಿನ ಬಟ್ಟೆ, ಆಟದ ಸಾಮಾನು ಇದರಲ್ಲಿ ಇಡಬಹುದಾ?

ಉತ್ತರ 2:
ಈಗಲೇ ಬೇಡ. ಎದ್ದ ಬಣ್ಣದ ಚೂರು ಬಟ್ಟೆಗೆ ಹತ್ತುತ್ತದೆ. ಮೊದಲು ಸೀಸದ ಪರೀಕ್ಷೆ ಮಾಡಿಸಿ. ಸೀಸ ಇದ್ದರೆ ಬಣ್ಣ ತೆಗೆಯುವ ಕೆಲಸ ಬಲ್ಲವರಿಗೆ ಕೊಡಿ, ಅದೂ ಮನೆಯಿಂದ ಹೊರಗೆ ಒಯ್ದು ಮಾಡಲಿ. ಅಲ್ಲಿಯವರೆಗೆ ಹೊದಿಕೆ ಸುತ್ತಿ ಮಗುವಿಗೆ ಸಿಗದ ಕಡೆ ಇಡಿ. ಹಲ್ಲಿನ ಗುರುತಿರುವ ಪಟ್ಟಿಯನ್ನು ಜಾಸ್ತಿ ಕೆರೆಯಬೇಡಿ ಅಂತ ಅವರಿಗೆ ಮೊದಲೇ ಹೇಳಿರಿ.