ಹಡಗು ಮುಳುಗಿಸುವ ಆಟ: ಸೋನಾರ್ ‘ಅಸ್ತ್ರ’ವೇ?

ಪ್ರಶ್ನೆ: ಬ್ಯಾಟಲ್‌ಶಿಪ್ ಆಟದ (10×10 ಮನೆಗಳ ಹಲಗೆಯಲ್ಲಿ ಎದುರಾಳಿ ಬಚ್ಚಿಟ್ಟ ಹಡಗುಗಳನ್ನು ಊಹಿಸಿ ಹೊಡೆಯುವ ಆಟ) ಕಂಪ್ಯೂಟರ್ ಆವೃತ್ತಿಯ ಮಾತುಗಳನ್ನು ಕನ್ನಡದಲ್ಲಿ ಬರೆಯಬೇಕಿದೆ. ಮಾಮೂಲಿ ಗುಂಡಿನ ಜೊತೆಗೆ ಟಾರ್ಪಿಡೊ, ಬಾಂಬ್, ಸೋನಾರ್ ಸೇರಿವೆ. ಮೂರನ್ನೂ ‘ವಿಶೇಷ ಅಸ್ತ್ರಗಳು’ ಅನ್ನಬಹುದೇ? ಸೋನಾರ್‌ಗೆ ಯಾವ ಸಂದೇಶ ಕೊಡಬೇಕು?

ಉತ್ತರ: ದೂರಕ್ಕೆ ಬಿಟ್ಟು ಹೊಡೆಯುವುದು ಅಸ್ತ್ರ, ಕೈಯಲ್ಲಿ ಹಿಡಿದು ಹೊಡೆಯುವುದು ಶಸ್ತ್ರ. ಬಾಣ ಅಸ್ತ್ರ, ಕತ್ತಿ ಶಸ್ತ್ರ. ಹಾಗಾಗಿ ಟಾರ್ಪಿಡೊ, ಬಾಂಬ್ ಎರಡಕ್ಕೂ ‘ಅಸ್ತ್ರ’ ಚೆನ್ನಾಗಿ ಒಪ್ಪುತ್ತದೆ. ಸೋನಾರ್ ಏನನ್ನೂ ಹೊಡೆಯುವುದಿಲ್ಲ. ಶಬ್ದ ಕಳಿಸಿ, ಮರುದನಿಯಿಂದ ಎಲ್ಲಿ ಏನಿದೆ ಎಂದು ಪತ್ತೆ ಹಚ್ಚುತ್ತದೆ. ಮೂರಕ್ಕೂ ಒಂದೇ ತಲೆಬರಹ ಬೇಕಿದ್ದರೆ ‘ವಿಶೇಷ ಸಾಧನಗಳು’ ಎನ್ನಿ. ಸೋನಾರ್ ಎಂಬ ಹೆಸರು ಹಾಗೇ ಇರಲಿ, ‘ಶಬ್ದಶೋಧಕ’ ಅಂದರೆ ಅದಕ್ಕೇ ಇನ್ನೊಂದು ವಿವರಣೆ ಬೇಕಾಗುತ್ತದೆ.

ನಿಜವಾದ ತೊಡಕು ಸಂದೇಶದಲ್ಲಿದೆ. ಮೂಲ ಆಟಕ್ಕೆ ‘ತಪ್ಪಿತು’, ‘ತಗುಲಿತು’, ‘ಮುಳುಗಿತು’ ಸಾಕು. ಸೋನಾರ್‌ಗೆ ನಾಲ್ಕನೆಯದು ಬೇಕೇ ಬೇಕು: ‘ಕಂಡಿತು’. ಇದು ಬರೀ ಪದದ ಮಾತಲ್ಲ. 5, 4, 3, 3, 2 ಮನೆಗಳ ಐದು ಹಡಗಿಗೆ ಒಟ್ಟು 17 ಮನೆ. 17ಕ್ಕೂ ಏಟು ಬಿದ್ದಾಗ ಆಟ ಮುಗಿಯುತ್ತದೆ. ಸೋನಾರ್‌ಗೆ ಕಂಡ ಮನೆಗೂ ‘ತಗುಲಿತು’ ಗುರುತನ್ನೇ ಹಾಕಿದರೆ, ಏಟಿನ ಲೆಕ್ಕ ಏರಿರುವುದಿಲ್ಲ, ಆದರೆ ಆ ಮನೆಗೆ ಮತ್ತೆ ಗುಂಡು ಹಾರಿಸಲು ಆಟ ಬಿಡುವುದೂ ಇಲ್ಲ. ಲೆಕ್ಕ 16ಕ್ಕೆ ನಿಂತರೆ ಆಟ ಮುಗಿಯುವುದೇ ಇಲ್ಲ. ಕೋಡ್‌ನಲ್ಲೂ ಕಂಡದ್ದಕ್ಕೆ, ಹೊಡೆದದ್ದಕ್ಕೆ ಬೇರೆ ಬೇರೆ ಗುರುತಿರಲಿ.

ಸೋನಾರ್ ಆರಿಸಿದ ಮನೆಯನ್ನೂ ಅದರ ಸುತ್ತಲಿನ ಮನೆಗಳನ್ನೂ ತೋರಿಸುವುದಾದರೆ, ಅದರ ವಿವರಣೆಯಲ್ಲಿ ‘9 ಮನೆ ತೋರಿಸುತ್ತದೆ’ ಎಂದು ಬರೆಯಬೇಡಿ. ಅಂಚಿನಲ್ಲಿ 6, ಮೂಲೆಯಲ್ಲಿ 4 ಮಾತ್ರ ಸಿಗುತ್ತವೆ. ‘ಆರಿಸಿದ ಮನೆ, ಅದಕ್ಕೆ ತಾಗಿದ ಮನೆಗಳು’ ಎಂದರೆ ಎಲ್ಲ ಕಡೆಗೂ ಸರಿ. ಕೋಡ್‌ನಲ್ಲಿ 100 ಮನೆಗಳನ್ನು ಸಾಲಾಗಿ ಒಂದೇ ಪಟ್ಟಿಯಲ್ಲಿ ಇಟ್ಟಿದ್ದರೆ ಅಂಚನ್ನು ಪರೀಕ್ಷಿಸಿ: ಕೊನೆಯ ಕಂಬಸಾಲಿನ ಬಲಕ್ಕೆಂದು 1 ಕೂಡಿದರೆ ಕೆಳಗಿನ ಅಡ್ಡಸಾಲಿನ ಮೊದಲ ಮನೆ ತೆರೆದುಕೊಳ್ಳುತ್ತದೆ. (‘ಚೌಕ’ಕ್ಕಿಂತ ‘ಮನೆ’ಯೇ ಚೆಂದ, ಚದುರಂಗ, ಚೌಕಾಬಾರದಲ್ಲಿ ಆಡುವ ಮಾತೇ ಅದು.)

ಟಾರ್ಪಿಡೊಗೆ ‘ಸಾಲಿನಲ್ಲಿ ಸಾಗಿ ಮೊದಲು ಸಿಕ್ಕ ಹಡಗಿಗೆ ತಗುಲುತ್ತದೆ’ ಎಂದರೆ ಸಾಲದು. ಈಗಾಗಲೇ ಏಟು ತಿಂದ ಮನೆ ಮೊದಲು ಸಿಕ್ಕರೆ? ಅಲ್ಲೇ ನಿಂತರೆ ಟಾರ್ಪಿಡೊ ದಂಡ. ‘ಸಾಲಿನಲ್ಲಿ ಸಾಗಿ, ಇನ್ನೂ ಏಟು ಬೀಳದ ಹಡಗಿನ ಮನೆ ಮೊದಲು ಎಲ್ಲಿ ಸಿಗುತ್ತದೋ ಅಲ್ಲಿ ಸಿಡಿಯುತ್ತದೆ’ ಎಂದು ಬರೆಯಿರಿ, ಕೋಡ್ ಕೂಡ ಹಾಗೆಯೇ ನಡೆಯಲಿ.